ಲಾರಿ ಹತ್ತಿದ ಐದು ಕರುಗಳು

ಸುಮ್ಮನೆ ಕೂರುವುದೂ ಒಂದು ವಿದ್ಯೆ. ಅದು ನನ್ನ ತಲೆಗೆ ಹತ್ತಲೇ ಇಲ್ಲ. ಬ್ರಿಸ್ಬೇನಿಗೆ ಬಂದ ಮೇಲೆ ಜೇನು ಸಾಕಲು ಹೋಗಿ ಮುಖ ಊದಿಸಿಕೊಂಡೆ. ದ್ರಾಕ್ಷಿ ಬಳ್ಳಿ ಹಬ್ಬಿಸಿ ರಾತ್ರಿ ಮರವಿಳಿದು ಬರುವ ಬೀದಿಯ ಪಾಸಮ್ ಪ್ರಾಣಿಗಳಿಗೆಲ್ಲ ಅನ್ನದಾತನಾದೆ. ಹೀಗಿರುವಾಗ ಒಂದು ದಿನ ಊರಾಚೆಯ ಮನೆಯಿಂದಲೇ ಕೆಲಸ ಮಾಡುವ ಆಫೀಸಿನ ಗ್ರೆಗ್, ಅಲ್ಲಿ ತನ್ನ ಹುಲ್ಲುಗಾವಲು ಖಾಲಿ ಬಿದ್ದಿದೆ, ತಾಯಿ ಹಾಲು ಬಿಟ್ಟ ಕರುಗಳನ್ನು ತಂದು ಮೇಯಿಸಿ, ಬೆಳೆದ ಮೇಲೆ ಮಾರೋಣ, ಪಾಲಿಗೆ ಬರ್ತೀಯಾ ಎಂದ. ಕೊಂಡವರು ಅವನ್ನು ಏನು ಮಾಡುತ್ತಾರೆಂದು ನಾನು ಕೇಳಲಿಲ್ಲ. ಗೊತ್ತಿದ್ದೇ ಕೇಳಲಿಲ್ಲ ಎನ್ನುವುದು ಸರಿಯಾದ ಮಾತು.

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿ ಸುಧಾಳಿಗೆ, "ಐದು ಕರು ತಗೊಂಡಿದೀವಿ" ಎಂದಷ್ಟೇ ಹೇಳಿದೆ. ಅವಳೂ "ಹೌದಾ" ಎಂದಳು, ಅಷ್ಟೇ. ಅಲ್ಲಿಂದ ನನ್ನ ಚಡಪಡಿಕೆ ಶುರುವಾಯಿತು. ಮೀಟಿಂಗಿನ ಮಧ್ಯೆ ಎದ್ದುಹೋಗಿ ಗ್ರೆಗ್‌ಗೆ, "ತೊಟ್ಟಿಯಲ್ಲಿ ನೀರಿದೆಯಾ?" ಎಂದು ಫೋನ್ ಮಾಡುತ್ತಿದ್ದೆ. ಕೆಲಸ ಯಾವಾಗ ಮುಗಿಯುತ್ತದೆಂದು ಮ್ಯಾನೇಜರ್ ಕೇಳಿದರೆ, "ಇನ್ನೊಂದು ತಿಂಗಳಿಗೆ ಹುಲ್ಲಿದೆ" ಎಂದುಬಿಟ್ಟೆ. ಶನಿವಾರ ಬಂತೆಂದರೆ ಹುಲ್ಲುಗಾವಲಿಗೆ ಓಟ. ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಕರುವೊಂದು ನಾನು ಹೋದಲ್ಲೆಲ್ಲ ಹಿಂದೆ ಬರುತ್ತಿತ್ತು. "ಅದನ್ನ ಮುದ್ದು ಮಾಡ್ಬೇಡ, ಆಮೇಲೆ ಕಷ್ಟ" ಎಂದು ಗ್ರೆಗ್ ಎಚ್ಚರಿಸಿದ. ನಾನು ಅದರ ಕಿವಿ ಸಂದಿ ಕೆರೆಯುತ್ತಲೇ ತಲೆಯಾಡಿಸಿದೆ.

ಎಂಟು ತಿಂಗಳಾದ ಮೇಲೆ, ಮಂಗಳವಾರ ಲಾರಿ ಬರುತ್ತದೆಂದು ಗ್ರೆಗ್ ಹೇಳಿದ. ಸೋಮವಾರ ಸಂಜೆ ಅಡುಗೆಮನೆಯಲ್ಲಿ ನಾಲ್ಕು ಸುತ್ತು ಹಾಕಿ, "ಸುಧಾ, ಆ ಕರುಗಳು..." ಎಂದೆ.

"ಮಾಂಸಕ್ಕೆ ಹೋಗ್ತವೆ. ಗೊತ್ತು ರೀ. ನಿಮ್ಮ ಫೋನಲ್ಲಿ ಫೋಟೋ ನೋಡಿದೀನಿ, ಐದೂ ಗಂಡು, ಇನ್ನೇನು ಹಾಲಿಗೆ ಸಾಕ್ತಾರಾ?"

"ಮತ್ಯಾಕೆ ಸುಮ್ನಿದ್ದೆ?"

"ನೀವಾಗೇ ಹೇಳ್ತೀರಾ ಅಂತ ಕಾಯ್ತಿದ್ದೆ."

ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವಳು ಬೈಯಲಿಲ್ಲ.

ಮರುದಿನ ನಾಲ್ಕು ಕರುಗಳು ಇಳಿಜಾರು ಹಲಗೆ ಹತ್ತಿ ಲಾರಿಯೊಳಕ್ಕೆ ಹೋದವು. ಮಚ್ಚೆಯದು ಕಾಲೂರಿ ನಿಂತುಬಿಟ್ಟಿತು. ಗ್ರೆಗ್ ತಳ್ಳಿದ, ಡ್ರೈವರ್ ಕೂಗಿದ; ಅದು ಜಗ್ಗಲಿಲ್ಲ. "ನೀನು ಮುಂದೆ ಹತ್ತು. ನಿನ್ನ ಹಿಂದೆ ಬರುತ್ತೆ" ಎಂದ ಗ್ರೆಗ್. ಆಗಲ್ಲ ಎನ್ನಬಹುದಿತ್ತು. ನಾನು ಹತ್ತಿದೆ. ಅದು ನನ್ನ ಬೆನ್ನಿಗೆ ಮೂತಿ ಒತ್ತಿಕೊಂಡು ಬಂದೇಬಿಟ್ಟಿತು. ಹಿಂದೆ ಧಡ್ ಎಂದು ಬಾಗಿಲು ಬಿತ್ತು.

ಐದು ಕರುಗಳ ನಡುವೆ ಸಿಕ್ಕಿಕೊಂಡಿದ್ದ ನನ್ನನ್ನು ಸರಳುಗಳ ಸಂದಿಯಿಂದ ನೋಡಿ ಡ್ರೈವರ್ ನಕ್ಕ. "ಏನು ಮೇಟ್, ನೀನೂ ಬರ್ತೀಯಾ?"

ನಾನು ಸರಳು ಹಿಡಿದು ಮೇಲೆ ಹತ್ತಿ, ಪ್ಯಾಂಟು ಹರಿದುಕೊಂಡು ಆಚೆ ಇಳಿದೆ. ಹಾಗೆ ಇಳಿದುಹೋಗುವ ಅನುಕೂಲ ಆ ಲಾರಿಯಲ್ಲಿ ನನಗೊಬ್ಬನಿಗೇ ಇತ್ತು.