ಬೊಂಬೆಮೆಟ್ಟಿಲ ಮೇಲೆ ಏಳು ಪ್ರಭೇದ

ತೊಂಬತ್ತೇಳರ ದಸರಾದಲ್ಲಿ ಲಕ್ಷ್ಮೀನರಸಿಂಹ ಮಾಡಿದ ತಪ್ಪು ಇಷ್ಟೇ: ಹೆಂಡತಿ ವೇದವತಿ ಬೊಂಬೆ ಕೂರಿಸಿದ್ದ ಮೆಟ್ಟಿಲುಗಳಲ್ಲಿ ಕೆಳಗಿನದೊಂದನ್ನು ತನಗೆ ಬಿಡಿಸಿಕೊಂಡದ್ದು. ಕಾಗದ ನೆನೆಸಿ ಅರೆದು, ಮೂರು ತಿಂಗಳು ಕೂತು ಮಾಡಿದ್ದ ಏಳು ಡೈನೋಸಾರ್‌ಗಳನ್ನು ಅಲ್ಲಿಟ್ಟ. ಎಲ್ಲಕ್ಕೂ ಬಾತುಕೋಳಿಯ ಕೊಕ್ಕು; ನಾಲ್ಕರ ತಲೆಯ ಮೇಲೆ ಜುಟ್ಟು, ಮೂರರದು ಹೆಚ್ಚುಕಮ್ಮಿ ಬೋಳು. ಜುಟ್ಟಿನ ಎತ್ತರ ನೋಡಿ ಏಳು ಪ್ರಭೇದಗಳಾಗಿ ವಿಂಗಡಿಸಿ, ಒಂದೊಂದರ ಮುಂದೆ ಹೆಸರಿನ ಚೀಟಿ ನಿಲ್ಲಿಸಿದ.

ಮೂವತ್ತೆಂಟು ವರ್ಷದ ಅವನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕ. ಕಾಯಂ ಆಗಬೇಕಾದರೆ ವಿಭಾಗದ ಮುಖ್ಯಸ್ಥ ಮಹದೇವಪ್ರಸಾದರ ಶಿಫಾರಸು ಬೇಕು. ಅವರು ಅಂದು ಸಂಜೆ ಆರಕ್ಕೆ ಬೊಂಬೆ ನೋಡಲು ಬರುವವರಿದ್ದರು.

ಮಧ್ಯಾಹ್ನ ಎದುರುಮನೆಯ ಮಂಜುಳಮ್ಮ ಬಂದರು. ಸಿದ್ಧಾರ್ಥನಗರದಲ್ಲಿ ಹನ್ನೊಂದು ಮದುವೆ ಕುದುರಿಸಿದವರು. ಮಗುವಿನ ಮೂಗು ನೋಡಿ ತಾತನ ಹೆಸರು ಹೇಳುತ್ತಿದ್ದರು.

"ಇವೇನ್ ಮೇಷ್ಟ್ರೇ, ಹಲ್ಲಿಗೆ ಬಾಸಿಂಗ ಕಟ್ಟಿದಂಗದೆ?"

"ಹಲ್ಲಿ ಅಲ್ಲಮ್ಮ, ಡೈನೋಸಾರ್. ಏಳು ಪ್ರಭೇದ. ಒಂದಕ್ಕೂ ಇನ್ನೊಂದಕ್ಕೂ ಸಂಸಾರ ಇಲ್ಲ."

ಮಂಜುಳಮ್ಮನ ಮುಖ ಬಾಡಿತು. "ಏಳಕ್ಕೇಳೂ ಒಂಟಿಯಾ? ಹಬ್ಬದ ದಿನ?"

ಮುಖ್ಯಸ್ಥರಿಗೆ ಇಷ್ಟವೆಂದು ಖರ್ಜೂರ ತರಲು ಲಕ್ಷ್ಮೀನರಸಿಂಹ ಮಂಡಿ ಮೊಹಲ್ಲಾಕ್ಕೆ ಹೋದ. ದಸರಾ ಜನದ ನಡುವೆ ಸೈಕಲ್ಲಿನ ಚೈನು ಮೂರು ಸಲ ಕಳಚಿತು. ಮನೆ ಸೇರಿದಾಗ ಆರಕ್ಕೆ ಐದು ನಿಮಿಷ.

ಮೆಟ್ಟಿಲ ಮೇಲೆ ಎರಡು ಸಂಸಾರಗಳಿದ್ದವು. ಒಬ್ಬಟ್ಟು ಮಡಿಸಿ ನಿಲ್ಲಿಸಿದಂಥ ಜುಟ್ಟಿನದು ಒಂದು. ಪಕ್ಕದಲ್ಲಿ ಅದೇ ಆಕಾರದ ಚಿಕ್ಕ ಜುಟ್ಟಿನದು, ಹಣೆಗೆ ಕುಂಕುಮ. ಮುಂದೆ ಬೋಳುತಲೆಯ ಎರಡು. ಆ ಕಡೆ ಕೊಡಲಿಯಂಥ ಜುಟ್ಟಿನದು; ಅದರ ಪಕ್ಕ ಚಿಕ್ಕ ಜುಟ್ಟಿನ ಮೇಲೆ ಬಟ್ಟೆಚೂರಿನ ಸೆರಗು ಹೊದ್ದ ಇನ್ನೊಂದು; ತೊಡೆಯ ಹತ್ತಿರ ಒಂದು ಮರಿ. ಚೀಟಿಗಳು ಕಸದ ಬುಟ್ಟಿಯಲ್ಲಿದ್ದವು.

"ಅಪ್ಪ, ಅಮ್ಮ, ಮಕ್ಕಳು," ಎಂದರು ಮಂಜುಳಮ್ಮ. "ಮೂಗು ನೋಡಿ, ಅಪ್ಪನ್ದೇ. ಜುಟ್ಟು ಈಗ್ಲೇ ಎಲ್ಲಿ? ವಯಸ್ಸಿಗೆ ಬಂದ್ರೆ ಬತ್ತದೆ ಕಣ್ರೀ. ನನ್ನ ಮಗ ಮಹಾಂತೇಶಂಗೆ ಮೀಸೆ ಬರ್ನಿಲ್ವಾ?"

"ಪುಸ್ತಕದಲ್ಲಿ ಏಳು ಅಂತಿದೆಯಮ್ಮ."

"ಬರೆದೋರು ಮಕ್ಕಳು ಸಾಕಿರಾಕಿಲ್ಲ ಬುಡಿ."

ಗೇಟು ಸದ್ದಾಯಿತು. ಲಕ್ಷ್ಮೀನರಸಿಂಹ ಸೆರಗು ಕಿತ್ತ, ಕುಂಕುಮ ಒರೆಸಿದ, ಕಸದ ಬುಟ್ಟಿಯ ತೆಂಗಿನ ನಾರಿನಡಿಯಿಂದ ಚೀಟಿಗಳನ್ನು ಆರಿಸಿದ. ಮುಖ್ಯಸ್ಥರು ಚಪ್ಪಲಿ ಬಿಡುವಷ್ಟರಲ್ಲಿ ಏಳೂ ಶಾಲೆಯ ಪ್ರಾರ್ಥನೆಗೆ ನಿಂತಂತೆ ಸಾಲಾಗಿ ನಿಂತಿದ್ದವು.

ಮಹದೇವಪ್ರಸಾದರು ಬಗ್ಗಿ, ಎಕ್ಸ್‌ರೇ ನೋಡುವ ಡಾಕ್ಟರಂತೆ ಒಂದೊಂದೇ ಚೀಟಿ ಓದಿದರು. ಮೂರನೆಯದರ ಬಳಿ ನಿಂತರು. ಕಾಗದಕ್ಕೆ ಹಿಡಿದ ಕುಂಕುಮ ಪೂರ್ತಿ ಹೋಗಿರಲಿಲ್ಲ.

"ಇದಕ್ಕೆ ಕುಂಕುಮ ಇಟ್ಟೋರು ಯಾರು?"

"ನಾನಲ್ಲ ಸಾರ್," ಎಂದ ಲಕ್ಷ್ಮೀನರಸಿಂಹ. "ಖಂಡಿತ ನಾನಲ್ಲ. ಇವರು, ಎದುರುಮನೆಯವರು. ಏಳರಲ್ಲಿ ಎರಡು ಸಂಸಾರ ಮಾಡಿಟ್ಟಿದ್ರು. ಇವರಿಗೆ ವಿಜ್ಞಾನ ಏನೂ ಗೊತ್ತಿಲ್ಲ ಸಾರ್. ಈ ಏಳು ನನ್ನವು."

"ಎರಡು ಸಂಸಾರವಾ? ಹೆಂಗಮ್ಮ?" ಎಂದು ಅವರು ಕೇಳಿದರು. ಮಂಜುಳಮ್ಮ ಹೇಳಿದರು. ಮಹಾಂತೇಶನ ಮೀಸೆಯನ್ನೂ ಬಿಡಲಿಲ್ಲ.

ಮಹದೇವಪ್ರಸಾದರು ಕೂತು, ಒಂದು ಖರ್ಜೂರ ತಿಂದು, ಬೀಜವನ್ನು ತಟ್ಟೆಯ ಅಂಚಿಗಿಟ್ಟರು.

"ಸರಿಯಾಗಿ ಹೇಳ್ತಿದಾರೆ ಇವರು. ಬೋಳುತಲೆಯವು ಬೇರೆ ಪ್ರಭೇದ ಅಲ್ಲ, ಮರಿಗಳು; ಚಿಕ್ಕ ಜುಟ್ಟಿನವು ಹೆಣ್ಣಿರಬಹುದು. ವಿಜ್ಞಾನಿಗಳು ತಲೆಬುರುಡೆ ಅಳೆದು ಇದನ್ನ ಹೇಳಿ ಇಪ್ಪತ್ತು ವರ್ಷದ ಮೇಲಾಯ್ತು. ನೀವು ಕ್ಲಾಸಲ್ಲಿ ಏಳು ಅಂತಲೇ ಹೇಳ್ತಿದೀರಾ?"

ಲಕ್ಷ್ಮೀನರಸಿಂಹ ಖರ್ಜೂರದ ತಟ್ಟೆಯನ್ನು ಅವರತ್ತ ಇನ್ನಷ್ಟು ಸರಿಸಿದ.

"ಬರೋ ತಿಂಗಳು ವಿಭಾಗಕ್ಕೆ ಬಂದು ಹುಡುಗರಿಗೆ ಇದನ್ನೇ ಹೇಳಿಯಮ್ಮ," ಎಂದು ಮುಖ್ಯಸ್ಥರು ಎದ್ದರು. "ಬೊಂಬೆ ಹೊತ್ಕೊಂಡು ಬರಕ್ಕೆ ಇವರಿದಾರೆ. ನಿಮ್ಮ ವಿಷಯ ಮುಂದಿನ ವರ್ಷ ನೋಡೋಣ, ಲಕ್ಷ್ಮೀನರಸಿಂಹ."

ಅವರು ಹೋದ ಮೇಲೆ ಮಂಜುಳಮ್ಮ ಸೆರಗನ್ನು ಹುಡುಕಿ ತಂದು, ಹೊದಿಸಬೇಕಾದ್ದಕ್ಕೆ ಹೊದಿಸಿದರು.

"ಕಾಲೇಜಿಗೆ ಯಾವ ಬಸ್ಸು ಹತ್ಬೇಕು ಮೇಷ್ಟ್ರೇ?"

ಅವನು ಹೇಳಿದ.

"ಬೇಜಾರು ಮಾಡ್ಕೋಬೇಡಿ. ಕಾಯಂ ಕೆಲ್ಸ ತಾನೆ? ವಯಸ್ಸಿಗೆ ಬಂದ್ರೆ ಬತ್ತದೆ."