ಕಲಾಯಿಯವನ ಹೇಳಿಕೆ

ಮೋಸ ಹೋದವರ ಕಥೆ ಕೇಳುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಖದ ಮೇಲೆ 'ಅಯ್ಯೋ ಪಾಪ' ಇರುತ್ತಿತ್ತು. ಒಳಗಿದ್ದವನು ಮಾತ್ರ 'ನನ್ನನ್ನೊಂದು ಮಾತು ಕೇಳಿದ್ದರೆ ಹೀಗಾಗುತ್ತಿತ್ತೇ?' ಎಂದು ಮೀಸೆ ತಿರುವುತ್ತಿದ್ದ. ಹೊರಗೆ ನನಗೆ ಮೀಸೆ ಇರಲಿಲ್ಲ, ಅದು ಬೇರೆ ವಿಷಯ. ಮನುಷ್ಯರಲ್ಲಿ ಮೋಸ ಹೋಗುವವರು, ಹೋಗದವರು ಎಂದು ಎರಡೇ ಬಗೆ, ನಾನು ಹುಟ್ಟಿನಿಂದಲೇ ಎರಡನೆಯ ಬಗೆ ಎಂದು ಮೂವತ್ತೆರಡನೇ ವಯಸ್ಸಿನವರೆಗೆ ನಂಬಿದ್ದೆ. ಆ ನಂಬಿಕೆ ಹೋದ ಮೇಲೆ ನನ್ನ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಉಳಿಯಲಿಲ್ಲ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಇದಕ್ಕೆ ನನ್ನ ಕೆಲಸವೂ ಒಂದು ಕಾರಣ. ಹೊಸನಗರದ ಒಂದು ಆಫೀಸಿನಲ್ಲಿ ನಾನು ನಕಲು ತಾಳೆ ನೋಡುವ ಗುಮಾಸ್ತನಾಗಿದ್ದೆ. ಮೂಲ ಕಾಗದ ನೋಡಿ ನಕಲು ಬರೆಯುವವನು ಇನ್ನೊಬ್ಬ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿ, 'ಮೂಲಕ್ಕೆ ಸರಿಯಾಗಿದೆ' ಎಂಬ ಮೊಹರಿಗೆ ಕಳಿಸಬೇಕು. ಬರೆಯುವವನ ಬೆರಳೆಲ್ಲ ಮಸಿ. ನನ್ನ ಕೈಗೆ ಒಂದು ಚುಕ್ಕೆ ಅಂಟುತ್ತಿರಲಿಲ್ಲ, ಮತ್ತು ಈ ಬಗ್ಗೆಯೂ ನನಗೆ ಹೆಮ್ಮೆಯಿತ್ತು. ದಿನವಿಡೀ ಅಸಲು ಯಾವುದು ನಕಲು ಯಾವುದು ಎಂದು ನೋಡುವವನಿಗೆ ಸಂಜೆ ಬೀದಿಯಲ್ಲಿ ನಿಂತವನು ಅಸಲೋ ನಕಲೋ ಎಂದು ಹೇಳುವುದು ಏನು ಕಷ್ಟ ಎಂದುಕೊಂಡಿದ್ದೆ. ಒಮ್ಮೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಗಂಧದೆಣ್ಣೆ ಮಾರುತ್ತಿದ್ದವನ ಶೀಶೆ ಮೂಸಿ ನೋಡಿ, ಇದು ಕೊಬ್ಬರಿ ಎಣ್ಣೆ ಎಂದು ನಾಲ್ಕು ಜನರ ಎದುರು ಹೇಳಿದ್ದೆ. ಆ ಒಂದು ಕಥೆಯ ಮೇಲೆ ಮೂರು ವರ್ಷ ಬದುಕಿದೆ. ನಮ್ಮ ಕೇರಿಗೆ ಯಾರೇ ಏನೇ ಮಾರಲು ಬಂದರೂ ಜನ ನನ್ನನ್ನು ಕರೆಯುವುದು ರೂಢಿಯಾಯಿತು. ಒಂದು ಸಲ ಯಾವುದೋ ಕಂಪೆನಿಯವರು ಸೋಪಿನ ಚೂರುಗಳನ್ನು ಬಿಟ್ಟಿ ಹಂಚಲು ಬಂದಾಗ, ಇದರಲ್ಲೇನೋ ಇದೆ ಎಂದು ಎಲ್ಲರ ಬಾಗಿಲು ಹಾಕಿಸಿದೆ. ಅದರಲ್ಲಿ ಸೋಪು ಬಿಟ್ಟರೆ ಏನೂ ಇರಲಿಲ್ಲ ಎಂದು ಪಕ್ಕದ ಕೇರಿಯವರು ಒಂದು ತಿಂಗಳು ಘಮಘಮಿಸುತ್ತ ಓಡಾಡಿ ತೋರಿಸಿದರು. ಆದರೂ ನನ್ನ ಮರ್ಯಾದೆಗೆ ಕುಂದು ಬರಲಿಲ್ಲ.

ಮದುವೆಯಾಗದ ನನಗೆ ಮಧ್ಯಾಹ್ನದ ಊಟ ಗಿರಿಜಮ್ಮನವರ ಮನೆಯಲ್ಲಿ. ಗಿರಿಜಮ್ಮ ಶರಾವತಿ ದಂಡೆಯವರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುವ ಮೊದಲೇ ಗಂಡ ತೀರಿಕೊಂಡಿದ್ದರು. ನೀರು ಏರಿದಾಗ ಮನೆ, ಕೊಟ್ಟಿಗೆ, ಊರು ಎಲ್ಲ ಹೋಗಿ, ಒಂದು ಗಾಡಿಯಲ್ಲಿ ಹಿಡಿಸುವಷ್ಟು ಸಾಮಾನಿನ ಜತೆ ಹೊಸನಗರಕ್ಕೆ ಬಂದು, ನಮ್ಮ ಕೇರಿಯಲ್ಲಿ ಎರಡು ಕೋಣೆ ಹಿಡಿದಿದ್ದರು. ನೆಂಟರೊಬ್ಬರು ತೀರ್ಥಹಳ್ಳಿಯ ತಮ್ಮ ಮನೆಗೆ ಬಂದಿರು ಎಂದರಂತೆ. 'ಇನ್ನೊಬ್ರ ಒಲೆ ಮುಂದೆ ಕೂರೋದಕ್ಕಿಂತ ನನ್ನ ಒಲೆ ನಾ ಹಚ್ತೀನಿ' ಅಂದು ಆರು ಜನ ಗುಮಾಸ್ತರಿಗೆ, ಮೇಷ್ಟ್ರುಗಳಿಗೆ ಊಟ ಹಾಕತೊಡಗಿದರು. ಆ ಗಾಡಿಯಲ್ಲಿ ಬಂದದ್ದರಲ್ಲಿ ದೊಡ್ಡದು ಒಂದು ತಾಮ್ರದ ತಪ್ಪಲೆ. ಆರು ಜನರ ಹುಳಿ ಒಂದೇ ಒಲೆಯ ಮೇಲೆ ಒಂದೇ ಸಲ ಆಗುತ್ತಿದ್ದುದು ಆ ತಪ್ಪಲೆಯಿಂದ. ಅದರ ಕಂಠದ ಸುತ್ತ ಅವರ ಮಾವನವರ ಹೆಸರು, ಊರಿನ ಹೆಸರು ಕೆತ್ತಿತ್ತು. ನಾನು ಊಟಕ್ಕೆ ಕೂತಾಗ ಅಭ್ಯಾಸಬಲದಿಂದ ಅದನ್ನು ಓದುತ್ತಿದ್ದೆ. ಕೆತ್ತಿದವನು ಒಂದು ಒತ್ತಕ್ಷರ ಬಿಟ್ಟಿದ್ದಾನೆ ಎಂದು ಒಮ್ಮೆ ಹೇಳಿಯೂಬಿಟ್ಟೆ. ಗಿರಿಜಮ್ಮ ಸುಮ್ಮನೆ ನನಗೆ ಇನ್ನೊಂದು ಸೌಟು ಬಡಿಸಿದರು.

ತಾಮ್ರದ ಪಾತ್ರೆಗೆ ಒಳಗಡೆ ತವರದ ಕಲಾಯಿ ಇರಬೇಕು. ಅದು ಸವೆದರೆ ಹುಳಿ ಕಿಲುಬು ಹಿಡಿಯುತ್ತದೆ, ನಾಲಿಗೆ ಒಗರಾಗುತ್ತದೆ, ಹೊಟ್ಟೆ ತೊಳೆಸುತ್ತದೆ. ವರ್ಷವರ್ಷ ಮಳೆ ಮುಗಿದ ಮೇಲೆ ಸಾಗರದಿಂದ ಹುಸೇನ್ ಸಾಬರು ಬಂದು ನಮ್ಮ ಕೇರಿಯ ಹಲಸಿನ ಮರದ ಕೆಳಗೆ ಬೆಂಕಿಗೆ ಗಾಳಿ ಊದುವ ತಿದಿ ಹೂಡಿ ಎಲ್ಲರ ಪಾತ್ರೆಗೂ ಕಲಾಯಿ ಹಾಕಿಕೊಟ್ಟು ಹೋಗುತ್ತಿದ್ದರು. ಆ ವರ್ಷ ಮಳೆ ಹೋಗಿ ಚಳಿ ಬಂದರೂ ಸಾಬರು ಬರಲಿಲ್ಲ. ಗಿರಿಜಮ್ಮ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ, ಹುಳಿ ಕುದಿದ ತಕ್ಷಣ ಮಣ್ಣಿನ ಗಡಿಗೆಗೆ ಬಗ್ಗಿಸಿ ಹೇಗೋ ನಡೆಸುತ್ತಿದ್ದರು. ಉಳಿದ ಐವರು ಸುಮ್ಮನೆ ಉಣ್ಣುತ್ತಿದ್ದರು. ಬಾಯಿ ಇದ್ದದ್ದು ನನಗೆ. ದಿನಾ ಹೊಟ್ಟೆ ಹಿಡಿದುಕೊಂಡು ರಾಗ ಎಳೆಯುತ್ತಿದ್ದೆ. ಈಗ ನೆನೆದರೆ ನನ್ನ ಹೊಟ್ಟೆಗೆ ಏನೂ ಆಗಿರಲಿಲ್ಲ. ಕಿಲುಬನ್ನು ಮೊದಲು ಕಂಡುಹಿಡಿದವನು ನಾನು ಎಂದು ಎಲ್ಲರಿಗೂ ತಿಳಿಯಬೇಕಿತ್ತು, ಅಷ್ಟೆ.

ಒಂದು ಬೆಳಿಗ್ಗೆ 'ಕಲಾಯಿ, ಕಲಾಯಿ' ಎಂದು ಕೂಗಿಕೊಂಡು ಒಬ್ಬ ಬಂದ. ಸುಮಾರು ಮೂವತ್ತು ವರ್ಷದವನು, ಹೆಗಲ ಮೇಲೆ ಎರಡು ಖಾಲಿ ಗೋಣಿಚೀಲ. ಕೇರಿಯವರು ವಾಡಿಕೆಯಂತೆ ನನ್ನನ್ನು ಕರೆದರು. ನಾನು ಅವನನ್ನು ಗಿರಿಜಮ್ಮನವರ ಜಗಲಿಯ ಕೆಳಗೆ ನಿಲ್ಲಿಸಿ, ಅರ್ಧ ಹಾಳೆ ತೆಗೆದು, ಆಫೀಸಿನ ಕ್ರಮದಲ್ಲೇ ಹೇಳಿಕೆ ಬರೆದುಕೊಂಡೆ. ಒಂದು ಕಡೆ ಪ್ರಶ್ನೆ, ಒಂದು ಕಡೆ ಉತ್ತರ. ಇಷ್ಟೊಂದು ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಆದರೂ ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಇವನು ಹುಸೇನ್ ಸಾಬರ ಅಕ್ಕನ ಮಗ, ಸಾಬರಿಗೆ ಮೈ ಸರಿಯಿಲ್ಲದ್ದರಿಂದ ಇವನನ್ನು ಕಳಿಸಿದ್ದಾರೆ, ಪಾತ್ರೆ ಕೊಡಬಹುದು ಎಂದು ಕೇರಿಗೆ ಸಾರಿದೆ.

ಹಲಸಿನ ಮರದ ಕೆಳಗೇ ಕೂತು ಹಾಕಲಿ ಎಂದರು ಗಿರಿಜಮ್ಮ. ತಿದಿಯ ಚರ್ಮ ಹರಿದಿದೆ, ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಯಲು ಕೊಟ್ಟಿದ್ದೇನೆ, ಅಲ್ಲಿಗೇ ಒಯ್ದು ಸಂಜೆಯೊಳಗೆ ತಂದುಕೊಡುತ್ತೇನೆ ಎಂದ ಅವನು. ಗಿರಿಜಮ್ಮ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು:

"ಸಾಬ್ರೇ ಬರ್ಲಿ ಬಿಡಿ. ಇವನ ಉಗುರು ಕಂಡ್ರಾ? ಬೆಳ್ಳಗಿದಾವೆ. ಕಲಾಯಿ ಹಾಕೋರ ಉಗುರಲ್ಲ ಅದು."

ನಾನು ನಕ್ಕೆ. ಲಿಖಿತ ಹೇಳಿಕೆ ಎದುರಿಗಿರುವಾಗ ಉಗುರು ನೋಡಿ ತೀರ್ಮಾನ ಮಾಡುವುದು ಹಳ್ಳಿಯ ಪದ್ಧತಿ ಎಂದೆ. ಈಗಿನ ಕಾಲದವರು ಸೋಪು ಹಾಕಿ ತೊಳೆದುಕೊಳ್ಳುತ್ತಾರೆ ಎಂದೆ. ತಿದಿಯಿಲ್ಲದೆ ಕಲಾಯಿ ಹೇಗಾಗುತ್ತದೆ ಎಂದು ಅವನ ಪರವಾಗಿ ನಾನೇ ವಾದಿಸಿದೆ. ಆಮೇಲೂ ಅವರು ಅನುಮಾನಿಸಿದಾಗ, "ಕೊಡಿ ಗಿರಿಜಮ್ಮ, ನನ್ನ ಜವಾಬ್ದಾರಿ" ಎಂದೆ. ಅಷ್ಟರಲ್ಲಿ ಕೇರಿಯ ಕೆಲವರ ಪಾತ್ರೆಗಳು ಒಂದು ಚೀಲ ಸೇರಿದ್ದವು. ಗಿರಿಜಮ್ಮನೂ ತಪ್ಪಲೆ ತಂದು ಜಗಲಿಯ ಮೇಲಿಟ್ಟರು. ಚೀಲಕ್ಕೆ ಇಳಿಸುವಾಗ ಅದರ ಒಂದು ಕಡೆಯ ಕಿವಿಯನ್ನು ನಾನೇ ಹಿಡಿದುಕೊಟ್ಟೆ.

ಸಂಜೆ ಅವನು ಬರಲಿಲ್ಲ. ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ, ಎರಡು ಚೀಲದವನೊಬ್ಬ ನಿನ್ನೆ ಹೊತ್ತು ನೆತ್ತಿಗೇರುವ ಮೊದಲೇ ತೀರ್ಥಹಳ್ಳಿ ಬಸ್ಸು ಹತ್ತಿದ ಎಂದರು. ಚೀಲಗಳನ್ನು ಬಸ್ಸಿನ ಮೇಲೆ ಹಾಕಲು ಜನ ಕೈಕೊಟ್ಟರಂತೆ. ನಮ್ಮ ಕಡೆಯವರು ಒಳ್ಳೆಯವರು. ಠಾಣೆಯಲ್ಲಿ ದೂರು ಬರೆಸಿದೆ. ಅದರ ನಕಲನ್ನು ನಾನೇ ತಾಳೆ ನೋಡಿದೆ, ಒಂದು ತಪ್ಪೂ ಇರಲಿಲ್ಲ. ರಜೆ ಹಾಕಿ ತೀರ್ಥಹಳ್ಳಿಗೆ ಹೋಗಿ ಪಾತ್ರೆ ಅಂಗಡಿ, ಗುಜರಿ ಅಂಗಡಿ ಒಂದೂ ಬಿಡದೆ ಅಲೆದೆ. ತಾಮ್ರ ಯಾರು ಇಟ್ಟುಕೊಳ್ಳುತ್ತಾರೆ ಸ್ವಾಮಿ, ಇಷ್ಟು ಹೊತ್ತಿಗೆ ಬಡಿದು ತಗಡು ಮಾಡಿರುತ್ತಾರೆ ಎಂದು ಒಬ್ಬ ಅಂಗಡಿಯವನು ಸಮಾಧಾನ ಹೇಳಿದ. ಸಮಾಧಾನ ಹೇಳುವ ಕ್ರಮ ಅದಲ್ಲ ಎಂದು ಅವನಿಗೆ ಹೇಳಬೇಕೆನಿಸಿತು, ಹೇಳುವ ಯೋಗ್ಯತೆ ಇರಲಿಲ್ಲ. ಅಲ್ಲಿಂದ ಸಾಗರದ ಬಸ್ಸು ಹಿಡಿದೆ. ವರದಹಳ್ಳಿಗೆ ಹೊರಟಿದ್ದ ಯಾತ್ರಿಕರು ಕಿಕ್ಕಿರಿದಿದ್ದರು. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು, ನೀವೂ ದರ್ಶನಕ್ಕೋ ಎಂದು ಕೇಳಿದರು. ತಪ್ಪಲೆ ಹುಡುಕಲು ಎಂದೆ. ಅವರು ಇದರಲ್ಲಿ ಏನೋ ವೇದಾಂತವಿದೆ ಎಂದುಕೊಂಡು ಕೈಮುಗಿದರು.

ಹುಸೇನ್ ಸಾಬರು ಮನೆಯ ಮುಂದೆ ಚಾಪೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ಮೈ ಸರಿಯಿಲ್ಲದ್ದು ನಿಜ. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ, "ನಂಗೆ ಅಕ್ಕ ತಂಗಿ ಯಾರೂ ಇಲ್ಲ ಸ್ವಾಮಿ. ನೀವು ಅವನ ಹತ್ರ ಎಂತ ಕೇಳಿದ್ರಿ?" ಎಂದರು.

ಹೇಳಿಕೆಯ ಹಾಳೆ ಜೇಬಿನಲ್ಲೇ ಇತ್ತು. ತೆಗೆದು ಗಟ್ಟಿಯಾಗಿ ಓದತೊಡಗಿದೆ. ಪ್ರಶ್ನೆ: ನೀನು ಸಾಗರದ ಹುಸೇನ್ ಸಾಬರ ಕಡೆಯವನೋ? ಉತ್ತರ: ಹೌದು ಸ್ವಾಮಿ. ಪ್ರಶ್ನೆ: ಅವರಿಗೆ ಏನು, ಬರಲಾಗದಷ್ಟು ಮೈ ಸರಿಯಿಲ್ಲವೋ? ಉತ್ತರ: ಹೌದು ಸ್ವಾಮಿ. ಪ್ರಶ್ನೆ: ನೀನು ಅವರಿಗೆ ಏನಾಗಬೇಕು, ಅಕ್ಕನ ಮಗನೋ? ಉತ್ತರ: ಹೌದು ಸ್ವಾಮಿ. ಪ್ರಶ್ನೆ: ಹಾಗಾದರೆ ಹೇಳು, ನಿನ್ನ ಮಾವನಿಗೆ ಎಡಗಾಲು ಕುಂಟು, ನಿಜವೋ ಸುಳ್ಳೋ? ಉತ್ತರ: ನಿಜ ಸ್ವಾಮಿ. ಈ ಕೊನೆಯ ಪ್ರಶ್ನೆ ಕೇಳಿದಾಗ ಅವನು ಸಿಕ್ಕಿಬೀಳುವಂತಿದ್ದರೆ ಇಲ್ಲೇ ಬೀಳುತ್ತಾನೆ ಎಂದು ನಾನು ಉಸಿರು ಹಿಡಿದಿದ್ದು ನೆನಪಿದೆ. ಇಷ್ಟು ಹೊತ್ತಿಗೆ ಸಾಬರು ಕುಂಟುಗಾಲನ್ನು ಬಿಸಿಲಿಗೆ ಚಾಚಿದರು. ಅದು ಬಲಗಾಲು. ವರ್ಷವರ್ಷ ನೋಡಿಯೂ ನಾನು ಎಡಗಾಲೆಂದೇ ತಿಳಿದಿದ್ದೆ.

ನಾನು ಎಷ್ಟೋ ವರ್ಷ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದವನು. ಒಂದೇ ಹಾಳೆಯ ಎರಡು ಬದಿಗಳನ್ನು ಅವತ್ತು ಮೊದಲ ಸಲ ನೋಡಿದೆ. ತಿಳಿಯಬೇಕಾದದ್ದೆಲ್ಲ ನನ್ನ ಕಡೆಯಲ್ಲೇ ಇತ್ತು. ಅವನ ಕಡೆಯಲ್ಲಿ ಇದ್ದದ್ದು 'ಹೌದು ಸ್ವಾಮಿ' ಮಾತ್ರ. ಆ ಮನುಷ್ಯ ಬೀದಿಗೆ ಬಂದಾಗ ಬರೀ ಕಳ್ಳನಾಗಿದ್ದ. ಅವನಿಗೆ ಮಾವನನ್ನು ಕೊಟ್ಟವನು, ಮಾವನಿಗೆ ಕಾಯಿಲೆ ಕೊಟ್ಟವನು, ನೆಂಟಸ್ತಿಕೆ ಕುದುರಿಸಿ ಹೆಬ್ಬೆಟ್ಟು ಹಾಕಿಸಿಕೊಂಡವನು ನಾನು. ಸಾಬರ ಮನೆಯವರು ಚಹಾ ಕೊಟ್ಟರು. ಹಾಳೆ ಮಡಿಸಿ ಜೇಬಿಗಿಟ್ಟು, ಅದನ್ನು ಕುಡಿಯದೆ ಎದ್ದೆ.

ಹೊಸನಗರಕ್ಕೆ ಮರಳಿದ ಮಧ್ಯಾಹ್ನ ಗಿರಿಜಮ್ಮನವರ ಬಾಗಿಲಲ್ಲಿ ನಿಂತು, ಸಾಗರದಿಂದ ಕಟ್ಟಿಕೊಂಡು ಬಂದ ಮಾತುಗಳನ್ನೆಲ್ಲ ಹೇಳಲು ಬಾಯಿ ತೆರೆದೆ. ಅವರು ನನ್ನ ಖಾಲಿ ಕೈ ನೋಡಿದರು. "ಊರಿನ ಹೆಸ್ರು ಬರ್ದದ್ದು ನನ್ನ ಹತ್ರ ಅದೊಂದೇ ಇತ್ತು" ಎಂದರು. ಒಲೆಯ ಕಡೆ ತಿರುಗಿ, "ಕೈಕಾಲು ತೊಳ್ಕಳಿ, ಎಲೆ ಹಾಕ್ತೀನಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಒಲೆಯ ಸುತ್ತ ನಾಲ್ಕು ಮಣ್ಣಿನ ಗಡಿಗೆಗಳಿದ್ದವು. ಒಂದು ಇಳಿಸಿ ಒಂದು ಏರಿಸಿ ಅಡಿಗೆ ಮುಗಿಯುವಾಗ ಆಫೀಸಿನ ಗಂಟೆ ಹೊಡೆಯುತ್ತಿತ್ತು. ಹದಿನೈದು ದಿನದಲ್ಲಿ ಇಬ್ಬರು ಮೇಷ್ಟ್ರು ತಡವಾಗುತ್ತದೆ ಎಂದು ಹೋಟೆಲಿಗೆ ಹೋದರು. ತಿಂಗಳಲ್ಲಿ ಇನ್ನೊಬ್ಬರು ಹೋದರು. ನಾನು ಒಂದು ದೊಡ್ಡ ಅಲ್ಯುಮಿನಿಯಂ ಪಾತ್ರೆ ಕೊಂಡು ಹೊತ್ತುಕೊಂಡು ಹೋದೆ. ಗಿರಿಜಮ್ಮ ತಮಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುವುದಾಗಿ ಹೇಳಿ ಅದನ್ನು ಹಾಗೇ ವಾಪಸು ಕಳಿಸಿದರು. ಅದರಲ್ಲಿ ನಾನೀಗ ಸ್ನಾನದ ನೀರು ಕಾಯಿಸುತ್ತೇನೆ. ಪ್ರತಿ ಚೊಂಬಿಗೂ ಗಿರಿಜಮ್ಮನವರ ನೆನಪಾಗುತ್ತದೆ, ಬೆನ್ನು ಸರಿಯಾಗಿ ಉಜ್ಜಿಕೊಳ್ಳಲೂ ಮನಸ್ಸು ಬರುವುದಿಲ್ಲ. ಕೇರಿಯವರು ಯಾವುದಕ್ಕೂ ನನ್ನನ್ನು ಕರೆಯುವುದನ್ನು ನಿಲ್ಲಿಸಿದರು. ಸೋಪಿನ ವಿಷಯವೂ ಈಗ ನೆನಪಾಗಿ ಅದಕ್ಕೂ ಸೇರಿಸಿ ಆಡಿಕೊಂಡರು.

ಮುಂದಿನ ಚಳಿಗಾಲದಲ್ಲಿ ಸಾಬರು ಬಲಗಾಲು ಎಳೆಯುತ್ತ ತಾವೇ ಬಂದು ಹಲಸಿನ ಮರದ ಕೆಳಗೆ ತಿದಿ ಹೂಡಿದರು. ಯಾರೂ ಪಾತ್ರೆ ಹೊರಗೆ ತರಲಿಲ್ಲ. ಅಸಲು ಸಾಬರೇ ಬಂದರೂ ಕಿಟಕಿಯಿಂದ ನೋಡುತ್ತಿದ್ದರು. ಗಿರಿಜಮ್ಮ ಒಂದು ಸಣ್ಣ ಹಿತ್ತಾಳೆ ತಪ್ಪಲೆ ಹಿಡಿದುಕೊಂಡು ಬಂದರು. ಮೂರು ಜನರಿಗೆ ಸಾಕಾಗುವಂಥದ್ದು, ಊಟ ಹಾಕಿ ಉಳಿಸಿದ್ದರಲ್ಲಿ ಕೊಂಡದ್ದು. ಸಾಬರ ಎದುರು ಮಣೆ ಹಾಕಿ ಕೂತು ತಿದಿಯನ್ನು ತಾವೇ ಒತ್ತತೊಡಗಿದರು. ಕಲಾಯಿಗೆ ಉಜ್ಜುವ ನವಸಾಗರದ ಪುಡಿಯ ಹೊಗೆ ಎದ್ದು ಪಾತ್ರೆಯ ಒಳಗೆ ಬೆಳ್ಳಿಬಣ್ಣ ಹರಡುವವರೆಗೆ ಏಳಲಿಲ್ಲ. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಪಾತ್ರೆ ತಂದು ಸುತ್ತ ಕೂತರು. ಎದುರಿಗೆ ಕೂತರೆ ಮುಗಿಯಿತು. ಇಷ್ಟು ಸುಲಭದ್ದಕ್ಕೆ ನಾನು ಅರ್ಧ ಹಾಳೆ ಖರ್ಚು ಮಾಡಿದ್ದೆ.

ನಾನೂ ನನ್ನ ಹಿತ್ತಾಳೆಯ ಪಾತ್ರೆಯೊಂದನ್ನು ಒಯ್ದೆ. ಸಾಬರು ತಿರುಗಿಸಿ ನೋಡಿ, ಹೆಸರು ಕೆತ್ತಿಲ್ಲವಲ್ಲ ಎಂದರು. ಆ ಕಳ್ಳ ತಮ್ಮ ಹೆಸರು ಹೇಳಿ ಊರೂರು ತಿರುಗಿದ ಮೇಲೆ, ಹೆಸರಿಲ್ಲದ ಪಾತ್ರೆ ಮುಟ್ಟಬೇಕಾದರೆ ಇದು ಇವರದೇ ಎಂದು ಇನ್ನೊಬ್ಬರು ಹೇಳಬೇಕು ಎಂದು ಅವರು ನಿಯಮ ಮಾಡಿಕೊಂಡಿದ್ದರಂತೆ. ಹೇಳಿದ್ದು ಮರ್ಯಾದೆಯಿಂದಲೇ. ನಾನು ಸುತ್ತ ನೋಡಿದೆ. ಕೇರಿಯವರು ತಂತಮ್ಮ ಪಾತ್ರೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಮೂಲಕ್ಕೆ ಸರಿಯಾಗಿದೆ ಎಂದು ಸಾವಿರ ಕಾಗದಕ್ಕೆ ಹೇಳಿದವನಿಗೆ ಒಂದು ಪಾತ್ರೆಗೆ ಸಾಕ್ಷಿ ಸಿಗಲಿಲ್ಲ.

ತಮ್ಮ ಪಾತ್ರೆ ಮುಗಿದಿದ್ದರೂ ಗಿರಿಜಮ್ಮ ಇನ್ನೂ ತಿದಿ ಒತ್ತುತ್ತಲೇ ಇದ್ದರು. ತಲೆ ಎತ್ತಲಿಲ್ಲ. ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಅವರದ್ದೇ, ಹಾಕಿ" ಎಂದರು. "ನನ್ನ ಜವಾಬ್ದಾರಿ."

ಅವರ ಕೈಯೆಲ್ಲ ಇದ್ದಲು ಮಸಿಯಾಗಿತ್ತು, ಉಗುರಿನ ತುದಿ ಕಪ್ಪಗಿತ್ತು. ನಾನು ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ನನ್ನ ಉಗುರುಗಳು ಬೆಳ್ಳಗಿದ್ದವು.