ಬೆಳಗಿನ ಬಸ್ಸಿನ ಒಬ್ಬನೇ ಪ್ರಯಾಣಿಕ

ಪ್ರಾಮಾಣಿಕನಾಗಿರುವುದರಲ್ಲಿ ಒಂದು ಕೆಟ್ಟ ಸುಖವಿದೆ. ಪಕ್ಕದವನು ಹಾಗಿಲ್ಲದಿದ್ದರೆ ಅದು ಇಮ್ಮಡಿಯಾಗುತ್ತದೆ. ತೊಂಬತ್ತರ ದಶಕದಲ್ಲಿ ನಾನು ಈ ಸುಖವನ್ನು ಪುಟ್ಟೇನಹಳ್ಳಿಯಿಂದ ಜಯನಗರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ದಿನವೂ ಅನುಭವಿಸುತ್ತಿದ್ದೆ. ಬಸ್ ದರ ಏರಿದಾಗ ನಮ್ಮ ಬಡಾವಣೆಯವರು ಧರಣಿ ಕೂರಲಿಲ್ಲ, ಪತ್ರಿಕೆಗೆ ಬರೆಯಲಿಲ್ಲ. ಕಂಡಕ್ಟರ್ ಜೊತೆ ಮಾತಾಡಿ ತಾವೇ ಒಂದು ದರ ಗೊತ್ತು ಮಾಡಿಕೊಂಡರು. ಟಿಕೆಟ್ ಕೇಳದಿದ್ದರೆ ಅರ್ಧ ದುಡ್ಡು, ಅದು ನೇರ ಕಂಡಕ್ಟರ್ ಜೇಬಿಗೆ. ನಾನು ಮಾತ್ರ ಪೂರ್ತಿ ಕೊಟ್ಟು, ಇಡೀ ಬಸ್ಸಿಗೆ ಕೇಳುವ ಹಾಗೆ ಟಿಕೆಟ್ ಕೇಳುತ್ತಿದ್ದೆ. ನಮ್ಮ ಮನೆ ಓನರ್ ಮುನಿಯಪ್ಪನವರು, ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಅದೇ ಬಸ್ಸಿನಲ್ಲಿ ಅರ್ಧ ದುಡ್ಡು ಕೊಟ್ಟು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ನನ್ನ ಹೆಂಡತಿ ಸುಮಿತ್ರ ಜಯನಗರದ ಶಾಲೆಯೊಂದರಲ್ಲಿ ಟೀಚರ್. ಹೆಂಗಸರೆಲ್ಲ ಮುಂದಿನ ಬಾಗಿಲಲ್ಲಿ ಹತ್ತುತ್ತಿದ್ದರಿಂದ ಅವಳು ನನ್ನ ಈ ವೈಭವವನ್ನು ದೂರದಿಂದಲೇ ಕೇಳಿಸಿಕೊಳ್ಳಬೇಕಾಗಿತ್ತು.

ಒಂದು ದಿನ ಬಸ್ ಬರಲಿಲ್ಲ. ಮರುದಿನವೂ ಇಲ್ಲ. ಆ ಟ್ರಿಪ್ಪನ್ನೇ ನಿಲ್ಲಿಸಿದ್ದಾರೆಂದು ಆಮೇಲೆ ಗೊತ್ತಾಯಿತು. ಬೇರೆ ಬಸ್ ಹಿಡಿಯಲು ಮೇನ್ ರೋಡಿನವರೆಗೆ ನಡೆಯಬೇಕು, ಅದೂ ಹೊತ್ತಿಗೆ ಬರುವುದಿಲ್ಲ. ಸುಮಿತ್ರ ಪದೇ ಪದೇ ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟುವಂತಾಯಿತು. ಹೀಗೇ ಆದರೆ ಬರುವುದೇ ಬೇಡ ಎಂದು ಹೆಡ್‌ಮಿಸ್ ಹೇಳಿದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ಮುನಿಯಪ್ಪನವರನ್ನೂ ಎಳೆದುಕೊಂಡು ಬಸ್ಸಿನ ಕಚೇರಿಗೆ ಹೋದೆ.

ಅಧಿಕಾರಿ ಸಭ್ಯರು. ಕೂರಿಸಿ ಟೀ ತರಿಸಿದರು. ಕಾಲಿಡಲೂ ಜಾಗವಿಲ್ಲದ ಬಸ್ಸನ್ನು ನಿಲ್ಲಿಸಿದ್ದೇಕೆ ಎಂದು ನಾನು ಜೋರು ಮಾಡಿದೆ.

"ಟಿಕೆಟ್ ಲೆಕ್ಕ ನೋಡಿದ್ರೆ ನಿಮ್ಮ ಸ್ಟಾಪಿಂದ ದಿನಾ ಹತ್ತೋರು ಒಬ್ಬರೇ ಸಾರ್. ಒಬ್ಬರಿಗೋಸ್ಕರ ಬಸ್ ಹೆಂಗೆ ಬಿಡೋದು, ನೀವೇ ಹೇಳಿ" ಎಂದರು.

ಮುನಿಯಪ್ಪನವರು ತಲೆಯೆತ್ತಿ ಫ್ಯಾನ್ ನೋಡತೊಡಗಿದರು. ನಿಜ ಹೇಳಿದರೆ ಬಸ್ ವಾಪಸ್ ಬಂದರೂ ಬರಬಹುದು. ಕಂಡಕ್ಟರ್ ಕೆಲಸ ಹೋಗುತ್ತದೆ, ನಾನಿರುವ ಬಾಡಿಗೆ ಮನೆಯೂ ಹೋಗುತ್ತದೆ. ಹೋದರೆ ಹೋಗಲಿ ಎಂದು ಬಾಯಿ ತೆರೆದೆ. ಆಗ ಆ 'ಒಬ್ಬರೇ' ಎಂಬ ಮಾತು ತಲೆಗೆ ಹೊಕ್ಕಿತು. ನಮ್ಮ ಮನೆಯಿಂದಲೇ ದಿನಾ ಇಬ್ಬರು ಹತ್ತುತ್ತಿದ್ದೆವಲ್ಲ.

"ಹೌದು ಸಾರ್, ನಾನೊಬ್ಬನೇ" ಎಂದೆ. ಹೊರಗೆ ಬಂದ ಮೇಲೆ ಮುನಿಯಪ್ಪನವರು ನನ್ನ ಭುಜ ತಟ್ಟಿ ನಿಮ್ಮದು ದೊಡ್ಡ ಮನಸ್ಸು ಎಂದರು. ಅವರು ಮುಂದಿನ ವಾರವೇ ಮೊಪೆಡ್ ಕೊಂಡರು.

ಅಂದೇ ಸಂಜೆ ಸುಮಿತ್ರಳನ್ನು ಟಿಕೆಟ್ ವಿಷಯ ಕೇಳಿದೆ. ಅವಳೇನೂ ಮುಚ್ಚಿಡಲಿಲ್ಲ. "ಇಬ್ಬರೂ ಪೂರ್ತಿ ಕೊಟ್ಟಿದ್ರೆ ತಿಂಗಳ ಕೊನೇಲಿ ಮನೆ ಹೆಂಗ್ರೀ ನಡೀತಿತ್ತು? ನೀವು ಕೊಡ್ತಿದ್ರಿ, ಅದಕ್ಕೇ ನಾನು ಕೊಡ್ತಿರಲಿಲ್ಲ" ಎಂದಳು.

ಆ ತಿಂಗಳ ಕೊನೆಗೆ ಶಾಲೆಯವರು ಅವಳನ್ನು ಬಿಡಿಸಿದರು. ಈಗ ಬೆಳಿಗ್ಗೆ ನಮ್ಮ ಮನೆಯಿಂದ ಹೊರಡುವವನು ನಾನೊಬ್ಬನೇ. ಅಧಿಕಾರಿಗೆ ನಾನು ಹೇಳಿದ ಸುಳ್ಳು ಕೊನೆಗೂ ನಿಜವಾಯಿತು.